ಅರಸನ ದಾನ, ಆರಾಧಕರ ನೆಲ: ಹಲಸಿಯ ತಾಮ್ರಶಾಸನಗಳ ಒಂದು ಓದು

ಖಾನಾಪುರದಿಂದ ನಂದಗಡದ ಮಾರ್ಗವಾಗಿ ಹಲಸಿಗೆ ಹೋಗುವವರು ಸಾಮಾನ್ಯವಾಗಿ ಭೂವರಾಹ ನರಸಿಂಹ ದೇವಾಲಯವನ್ನು ಕಂಡು ಹಿಂದಿರುಗುತ್ತಾರೆ. ಆ ದೇವಾಲಯಕ್ಕಿಂತ ಆರೇಳು ಶತಮಾನ ಹಳೆಯದಾದ ಹಲಸಿ ಕಣ್ಣಿಗೆ ಕಾಣುವಂಥದಲ್ಲ, ಓದಿ ತಿಳಿಯಬೇಕಾದದ್ದು. ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿಯಾಗಿದ್ದ ಪಲಾಶಿಕೆಯೇ ಇಂದಿನ ಹಲಸಿ. ಇಲ್ಲಿ ದೊರೆತ ಏಳು ತಾಮ್ರಶಾಸನಗಳನ್ನು ಜೆ. ಎಫ್. ಫ್ಲೀಟ್ ಅವರು 1877ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯ ಆರನೆಯ ಸಂಪುಟದಲ್ಲಿ ಮೂಲಪಾಠ ಹಾಗೂ ಅನುವಾದಗಳೊಡನೆ ಪ್ರಕಟಿಸಿದರು. ಕಾಕುಸ್ಥವರ್ಮ, ಮೃಗೇಶವರ್ಮ, ರವಿವರ್ಮ, ಹರಿವರ್ಮ ಇವರ ಕಾಲದ ಈ ಸಂಸ್ಕೃತ ಶಾಸನಗಳು ಕ್ರಿ.ಶ. ಐದನೆಯ ಶತಮಾನದಿಂದ ಆರನೆಯ ಶತಮಾನದ ಪೂರ್ವಾರ್ಧದವರೆಗೆ ಹರಡಿವೆ. ಏಳೂ ಜೈನ ಆರಾಧನೆಗೆ ಒಂದಲ್ಲ ಒಂದು ಬಗೆಯಲ್ಲಿ ಸಂಬಂಧಿಸಿದವು.

ಈ ಶಾಸನಗಳಿಗೆ ನಮ್ಮಲ್ಲಿ ಎರಡು ಓದುಗಳು ರೂಢಿಯಾಗಿವೆ. ವೈದಿಕ ಮೂಲದ ಅರಸುಮನೆತನ ಜೈನ ಸಂಘಗಳಿಗೆ ಭೂಮಿ ಕೊಟ್ಟಿತು, ಆದಕಾರಣ ಅಂದಿನ ನಾಡು ಸೌಹಾರ್ದದ ನಾಡಾಗಿತ್ತು ಎನ್ನುವುದು ಮೊದಲನೆಯದು. ಸರ್ವಧರ್ಮ ಸಮಾರಂಭಗಳಲ್ಲಿ ಈ ಮಾತು ಸುಲಭವಾಗಿ ನಾಲಗೆಗೆ ಬರುತ್ತದೆ. ಎರಡನೆಯದು ಸಂಶಯದ ಓದು: ದಾನವೆಂಬುದು ಆಳ್ವಿಕೆಯ ಉಪಾಯ, ಭಕ್ತಿ ಅದರ ಹೊದಿಕೆ. ಎರಡಕ್ಕೂ ಆಧಾರವಿಲ್ಲವೆಂದಲ್ಲ, ಆದರೆ ಎರಡೂ ಶಾಸನವನ್ನು ಕೊನೆಯ ಸಾಲಿನವರೆಗೆ ಓದುವುದಿಲ್ಲ. ನಮ್ಮ ವಾದ ಇಷ್ಟು: ಹಲಸಿಯ ಶಾಸನಗಳಲ್ಲಿ ದಾನವು ಅರಸನ ಹಿರಿಮೆಯನ್ನು ಸಾರುತ್ತದೆ, ಮುಂದುವರಿದು ಅರಸೊತ್ತಿಗೆಯ ಕೈಯನ್ನೇ ಕಟ್ಟುತ್ತದೆ, ಕಡೆಗೆ ಆರಾಧನೆಯ ಹೊಣೆಯನ್ನು ಜನರಿಗೆ ಒಪ್ಪಿಸುತ್ತದೆ. ಈ ಮೂರು ಹೆಜ್ಜೆಗಳನ್ನು ಕಾಣದ ಓದು ಶಾಸನಕ್ಕೆ ನ್ಯಾಯ ಸಲ್ಲಿಸದು. ನಮ್ಮ ಧರ್ಮಸಭೆಯ ಚರಿತ್ರೆಯನ್ನು ನೇರವಾಗಿ ನೋಡುವ ಧೈರ್ಯವನ್ನೂ ಕೊಡದು.

ಮೊದಲಿಗೆ ನಮ್ಮ ಗ್ರಂಥಾಲಯಗಳಿಗೆ ಹತ್ತಿರದ ಒಂದು ಕೃತಿಯನ್ನು ಪರಾಮರ್ಶಿಸಬೇಕು. ಕದಂಬರ ಬಗ್ಗೆ ಇಂದಿಗೂ ಉಲ್ಲೇಖಗೊಳ್ಳುವ 'ದಿ ಕದಂಬ ಕುಲ' 1931ರಲ್ಲಿ ಮುಂಬಯಿಯಿಂದ ಹೊರಬಂದಿತು. ಕರ್ತೃ ಜಿ. ಎಂ. ಮೊರೇಸ್ ಅವರು ಗೋವಾ ಮೂಲದ ಕಥೋಲಿಕ ಇತಿಹಾಸಕಾರರು. ಮುನ್ನುಡಿ ಬರೆದವರು ಯೇಸುಸಭೆಯ ಗುರು ಹೆನ್ರಿ ಹೆರಾಸ್. ಶಾಸನಗಳನ್ನು ಹೆಕ್ಕಿ, ಕಾಲಕ್ರಮದಲ್ಲಿ ಜೋಡಿಸಿ, ಬನವಾಸಿ, ಗೋವಾ, ಹಾನಗಲ್ಲುಗಳ ಕದಂಬ ಶಾಖೆಗಳನ್ನು ಒಂದೇ ಚರಿತ್ರೆಯಾಗಿ ನಿಲ್ಲಿಸಿದ ಆ ಶ್ರಮ ದೊಡ್ಡದು. ಆದರೆ ಗ್ರಂಥದ ವಿನ್ಯಾಸದಲ್ಲೇ ಒಂದು ತೊಡಕಿದೆ. ಅರಸರ ಯುದ್ಧ, ವಿವಾಹ, ಉತ್ತರಾಧಿಕಾರಗಳು ಮೊದಲು ಬರುತ್ತವೆ. ಧರ್ಮ, ಸಮಾಜ, ಆಡಳಿತ, ಶಿಕ್ಷಣ, ಶಿಲ್ಪಗಳು ಆಮೇಲೆ ಪ್ರತ್ಯೇಕ ಅಧ್ಯಾಯಗಳಾಗಿ ಬರುತ್ತವೆ. ಆ ಕಾಲದ ಇತಿಹಾಸ ಬರವಣಿಗೆಗೆ ಇದು ಸಹಜ ಕ್ರಮ. ಆದರೂ ಒಂದೇ ತಾಮ್ರಪಟದ ಒಂದು ಸಾಲು ರಾಜಕೀಯದ ಅಧ್ಯಾಯಕ್ಕೂ ಮರುಸಾಲು ಧರ್ಮದ ಅಧ್ಯಾಯಕ್ಕೂ ಹಂಚಿಹೋದಾಗ, ಅವೆರಡನ್ನು ಕೂಡಿಸಿದ್ದ ಕೀಲು ಕಾಣದಾಗುತ್ತದೆ. ಹಲಸಿಯಲ್ಲಿ ನಮಗೆ ಬೇಕಾದದ್ದು ಆ ಕೀಲೇ.

ಕಾಕುಸ್ಥವರ್ಮನ ಶಾಸನವನ್ನು ನೋಡೋಣ. ಅವನಿನ್ನೂ ಯುವರಾಜ, ಪಲಾಶಿಕೆಯಲ್ಲಿದ್ದಾನೆ. ದಯೆಯನ್ನೇ ಧ್ವಜವಾಗಿ ಎತ್ತಿಹಿಡಿದ ಜಿನೇಂದ್ರನ ಜಯಕಾರದೊಂದಿಗೆ ಶಾಸನ ಆರಂಭವಾಗುತ್ತದೆ. ಸಕಲ ಜೀವಿಗಳಿಗೆ ಶರಣ್ಯರೂ ಮೂರು ಲೋಕಗಳ ನಿಸ್ತಾರಕರೂ ಆದ ಅರ್ಹತರಿಗೆ ಸೇರಿದ ಖೇಟಗ್ರಾಮದಲ್ಲಿ ಬದೋವರವೆಂಬ ಹೊಲವನ್ನು ಅವನು ಸೇನಾಪತಿ ಶ್ರುತಕೀರ್ತಿಗೆ ಕೊಡುತ್ತಾನೆ. ಕಾರಣವಾಗಿ ಹೇಳಿರುವುದು ಒಂದೇ ಮಾತು: ತನ್ನ 'ತಾರಣ'ಕ್ಕಾಗಿ. ತನ್ನನ್ನು ಪಾರುಮಾಡಿದ್ದಕ್ಕೆ ಸೇನಾಪತಿಗೆ ಕೊಟ್ಟ ಪ್ರತಿಫಲವಿದು ಎಂದು ಫ್ಲೀಟ್ ಅರ್ಥೈಸಿದರು. ರಣರಂಗದಲ್ಲೋ ಬೇರೊಂದು ಸಂಕಟದಲ್ಲೋ ಯುವರಾಜನ ಜೀವ ಉಳಿದಿರಬೇಕೆಂಬುದು ಆ ಅನುವಾದದ ಧ್ವನಿ. ಆದರೆ ಅರ್ಹತರನ್ನು ನಿಸ್ತಾರಕರೆಂದು ಕರೆದ ವಾಕ್ಯದಲ್ಲಿಯೇ ಅದೇ ಧಾತುವಿನ 'ತಾರಣ' ಬಂದಿದೆ. ಆತ್ಮವನ್ನು ಸಂಸಾರದ ಹೊಳೆ ದಾಟಿಸುವುದೂ ತಾರಣವೇ. ಸೇನಾಪತಿ ದಾಟಿಸಿದ್ದು ಯಾವ ಹೊಳೆಯನ್ನು, ಅರ್ಹತರು ದಾಟಿಸುವುದು ಯಾವುದನ್ನು ಎಂದು ಶಾಸನ ಬಿಡಿಸಿ ಹೇಳುವುದಿಲ್ಲ. ಅದನ್ನು ಬರೆದವನಿಗೆ ಬಿಡಿಸಬೇಕೆಂದು ಅನ್ನಿಸಿರಲಿಕ್ಕೂ ಇಲ್ಲ.

ದೈವಶಾಸ್ತ್ರದ ವಿದ್ಯಾರ್ಥಿಗೆ ಇದು ಅಪರಿಚಿತವಾದ ತೊಡಕಲ್ಲ. ಪ್ರಾತಃಕಾಲದ ಪ್ರಾರ್ಥನೆಯಲ್ಲಿ ನಾವು ದಿನವೂ ಹಾಡುವ ಜಕರೀಯನ ಸ್ತುತಿಗೀತೆಯಲ್ಲಿ ರಕ್ಷಣೆಯೆಂಬ ಪದ ಮೊದಲು ಶತ್ರುಗಳ ಕೈಯಿಂದ ಬಿಡುಗಡೆಯ ಅರ್ಥದಲ್ಲಿಯೂ ಬಳಿಕ ಪಾಪಕ್ಷಮೆಯ ಅರ್ಥದಲ್ಲಿಯೂ ಬರುತ್ತದೆ (ಲೂಕ 1:71, 77). ಒಂದನ್ನು ರಾಜಕೀಯವೆಂದೂ ಇನ್ನೊಂದನ್ನು ಆಧ್ಯಾತ್ಮಿಕವೆಂದೂ ಕತ್ತರಿಸಿದರೆ ಗೀತೆ ಹರಿದುಹೋಗುತ್ತದೆ. ಹಲಸಿಯ ಶಾಸನಕ್ಕೂ ಅದೇ ಗತಿ.

ಹಾಗೆಂದು ಶಾಸನದ ಒಳಗಿನ ಇಕ್ಕಟ್ಟನ್ನು ಮರೆಯುವಂತಿಲ್ಲ. ಅರ್ಹತರ ಊರಿನಲ್ಲಿರುವ ಹೊಲ ಸೈನಿಕನ ಪಾಲಾದದ್ದು ಹೇಗೆ? ಉತ್ತರದ ಒಂದು ಭಾಗ ರವಿವರ್ಮನ ಶಾಸನದಲ್ಲಿದೆ. ಕಾಕುಸ್ಥವರ್ಮನ ಅನುಗ್ರಹದಿಂದ ಶ್ರುತಕೀರ್ತಿ ಖೇಟವನ್ನು ಅನುಭವಿಸಿದ್ದನ್ನು ಅದು ನೆನೆಯುತ್ತದೆ. ಬಳಿಕ ಆ ಭೂಮಿಯನ್ನು ದಾಮಕೀರ್ತಿಯ ತಾಯಿಗೆ ಕೊಟ್ಟದ್ದನ್ನು ಹೇಳುತ್ತದೆ. ಕಡೆಗೆ ದಾಮಕೀರ್ತಿಯ ಮಗ, ಪ್ರತೀಹಾರ ಜಯಕೀರ್ತಿಯ ಕಾಲಕ್ಕೆ ಬಂದು, ಪುರುಖೇಟಕವೆಂಬ ಊರಿನ ಉತ್ಪನ್ನ ಜಿನೇಂದ್ರನ ಉತ್ಸವಕ್ಕೆ ಸಲ್ಲುವಂತೆ ಕಟ್ಟಳೆ ಮಾಡುತ್ತದೆ. ಪ್ರತಿವರ್ಷ ಕಾರ್ತಿಕದ ಹುಣ್ಣಿಮೆಗೆ ಎಂಟು ದಿನಗಳ ಉತ್ಸವ ನಡೆಯಬೇಕು. ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಅನ್ನ ಸಲ್ಲಬೇಕು. ಖೇಟದ ನೆಲ ಹೀಗೆ ಯುವರಾಜ, ಸೇನಾಪತಿ, ಸೇನಾಪತಿಯ ಮನೆತನಗಳನ್ನು ಹಾದು, ಕೆಲವು ತಲೆಮಾರುಗಳ ಬಳಿಕ, ಉಣ್ಣುವ ಕೈಗಳನ್ನು ತಲುಪಿತು. ಅರಸುಮನೆಗೆ ಬೇಕಾದವರು ಮೊದಲು ಉಂಡರು ಎಂಬುದು ನಿಜ. ಆದರೆ ಶಾಸನ ಅದನ್ನು ಮುಚ್ಚಿಡದೆ, ದಾನದ ವಂಶಾವಳಿಯಂತೆ ಬರೆದಿಟ್ಟಿತು ಎಂಬುದೂ ಅಷ್ಟೇ ನಿಜ. ಸಹಿಷ್ಣುತೆಯ ಓದು ಮೊದಲನೆಯದನ್ನು ಬಿಡುತ್ತದೆ, ಸಂಶಯದ ಓದು ಎರಡನೆಯದನ್ನು.

ಪಲಾಶಿಕೆಯ ಆರಾಧನೆ ಯುದ್ಧದ ನೆರಳಿನಲ್ಲಿ ಬೆಳೆಯಿತೆಂಬುದನ್ನೂ ಹೇಳಲೇಬೇಕು. ಮೃಗೇಶವರ್ಮ ತನ್ನ ಎಂಟನೆಯ ಆಳ್ವಿಕೆಯ ವರ್ಷದಲ್ಲಿ, ವೈಜಯಂತಿಯಲ್ಲಿ ಅಂದರೆ ಬನವಾಸಿಯಲ್ಲಿ ಇದ್ದುಕೊಂಡು, ಅಗಲಿದ ತಂದೆ ಶಾಂತಿವರ್ಮನ ಮೇಲಿನ ಭಕ್ತಿಯಿಂದ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ 33 ನಿವರ್ತನ ಭೂಮಿ ಕೊಟ್ಟ. ಅದೇ ಶಾಸನ ಅವನನ್ನು ಗಂಗರನ್ನು ಕಿತ್ತವನೆಂದೂ ಪಲ್ಲವರಿಗೆ ಪ್ರಳಯದ ಬೆಂಕಿಯೆಂದೂ ಹೊಗಳುತ್ತದೆ. ರವಿವರ್ಮ ವಿಷ್ಣುವರ್ಮ ಮೊದಲಾದವರನ್ನು ಕೊಂದು, ಕಂಚಿಯ ಒಡೆಯ ಚಂಡದಂಡನನ್ನು ಉರುಳಿಸಿ ಪಲಾಶಿಕೆಯಲ್ಲಿ ನೆಲೆನಿಂತನೆಂದು ಮತ್ತೊಂದು ಶಾಸನ ಹೇಳುತ್ತದೆ. ಈ ವಿಷ್ಣುವರ್ಮನನ್ನು ಇತಿಹಾಸಕಾರರು ಕದಂಬರದೇ ಇನ್ನೊಂದು ಶಾಖೆಯವನೆಂದು ಗುರುತಿಸುತ್ತಾರೆ. ಆ ಶಾಸನದ ದಾನವಾದರೋ ನಾಲ್ಕು ನಿವರ್ತನ ಭೂಮಿ. ಅದರ ಉದ್ದೇಶ ದಾಮಕೀರ್ತಿಯ ತಮ್ಮ ಶ್ರೀಕೀರ್ತಿಯ ತಾಯಿಗೆ ಪುಣ್ಯ. ದಾಯಾದಿಯ ರಕ್ತ ಮತ್ತು ತಾಯಿಯ ಪುಣ್ಯ ಒಂದೇ ತಾಮ್ರದ ಮೇಲೆ ಇವೆ.

ಅರಸೊತ್ತಿಗೆಯೂ ಆರಾಧನೆಯ ನಗರವೂ ಹೀಗೆ ಬೆಸೆದುಕೊಳ್ಳುವುದು ಕದಂಬರಿಗಷ್ಟೇ ಸೀಮಿತವಲ್ಲ. ಬೈಬಲು ಹಿತ್ತಿಯರೆಂದು ಕರೆಯುವ ಹೆಸರಿನ ಮೂಲವಾದ ಹಿಟ್ಟೈಟರಿಗೆ ಅನತೋಲಿಯದ ಉತ್ತರದಲ್ಲಿ ನೇರಿಕ್ ಎಂಬ ಪವಿತ್ರ ನಗರವಿತ್ತು. ಮಳೆ ಸಿಡಿಲುಗಳ ದೇವರು ಅಲ್ಲಿ ನೆಲೆಸಿದ್ದನೆಂಬುದು ಅವರ ನಂಬಿಕೆ. ಕಸ್ಕರೆಂಬ ಜನ ಆ ನಗರವನ್ನು ವಶಪಡಿಸಿಕೊಂಡಾಗ ಅರಸ ಅರ್ನುವಂದ ಮತ್ತು ರಾಣಿ ಅಶ್ಮುನಿಕಲ್ ಹಾಳಾದ ಗುಡಿಗಳಿಗಾಗಿ ದೇವತೆಗಳ ಮುಂದೆ ಪ್ರಲಾಪಿಸಿದ ಪ್ರಾರ್ಥನೆ ಜೇಡಿಮಣ್ಣಿನ ಹಲಗೆಗಳಲ್ಲಿ ಉಳಿದಿದೆ. ನೇರಿಕ್‌ಗೆ ಸಲ್ಲಬೇಕಾದ ಪೂಜೆ ಹಕ್ಪಿಸ್ ಎಂಬ ಬೇರೊಂದು ಊರಿನಲ್ಲಿ ಸಲ್ಲುತ್ತಿತ್ತು. ಕ್ರಿ.ಪೂ. ಹದಿಮೂರನೆಯ ಶತಮಾನದಲ್ಲಿ ಹತ್ತುಸಿಲಿ ನೇರಿಕನ್ನು ಮತ್ತೆ ಕಟ್ಟಿದ, ಅದರ ದೇವರಿಗೆ ಪೂಜಾರಿಯಾದ. ಬಳಿಕ ಅಣ್ಣನ ಮಗನನ್ನು ಸಿಂಹಾಸನದಿಂದ ಇಳಿಸಿ ತಾನೇ ಅರಸನಾದ. ಗುಡಿಯನ್ನು ಎತ್ತಿ ನಿಲ್ಲಿಸಿದ ಕೈಯೇ ಕಿರೀಟವನ್ನೂ ಕಿತ್ತುಕೊಂಡಿತು. ಆದರೂ ನಗರ ಕೈಬಿಟ್ಟ ಕಾಲದಲ್ಲಿಯೂ ಅದರ ದೇವರಿಗೆ ಸಲ್ಲಬೇಕಾದದ್ದನ್ನು ಮರೆಯದ ಆ ತಲೆಮಾರುಗಳ ನಿಷ್ಠೆಯನ್ನು ಬರಿಯ ಕಪಟವೆನ್ನಲಾಗದು.

ಬೈಬಲಿನ ಓದುಗರಿಗೆ ಇಲ್ಲಿ ಯಾರೊಬ್ಬಾಮನ ಬೇತೇಲ್ ತಟ್ಟನೆ ನೆನಪಾಗುತ್ತದೆ. ಜನರು ಜೆರುಸಲೇಮಿಗೆ ಹೋದರೆ ಅವರ ಮನಸ್ಸು ದಾವೀದನ ಮನೆತನದತ್ತ ತಿರುಗೀತೆಂಬ ಭಯದಿಂದ ಅವನು ಬೇತೇಲಿನಲ್ಲೂ ದಾನ್‌ನಲ್ಲೂ ಆರಾಧನೆ ಏರ್ಪಡಿಸಿದ. ಎಂಟನೆಯ ತಿಂಗಳ ಹದಿನೈದನೆಯ ದಿನ ಹಬ್ಬವನ್ನು ನೇಮಿಸಿದ (1 ಅರಸುಗಳು 12:26-33). ಚೈತ್ರದಿಂದ ಎಣಿಸಿದರೆ ಕಾರ್ತಿಕವೂ ಎಂಟನೆಯ ತಿಂಗಳೇ, ಹುಣ್ಣಿಮೆ ಹದಿನೈದನೆಯ ದಿನವೇ. ಇದು ಕೇವಲ ಆಕಸ್ಮಿಕ. ಇದರಿಂದ ಚಾರಿತ್ರಿಕ ಸಂಬಂಧ ಹೆಣೆಯುವುದು ಬಾಲಿಶವಾದೀತು. ಆದರೆ ಈ ಸಾಮ್ಯ ಒಂದು ಪ್ರಲೋಭನೆಯನ್ನು ಬಯಲಿಗೆಳೆಯುತ್ತದೆ. ಬೇತೇಲನ್ನು ಅರಸನ ಪವಿತ್ರಸ್ಥಾನವೆಂದು ಕರೆದು ಆಮೋಸನನ್ನು ಅಲ್ಲಿಂದ ಅಟ್ಟಿದ ಯಾಜಕ ಅಮಚ್ಯನ ಪ್ರಸಂಗವನ್ನು (ಆಮೋಸ 7:10-13) ಬಾಯಿಪಾಠ ಮಾಡಿಕೊಂಡ ನಾವು, ಪರರ ಪವಿತ್ರಸ್ಥಾನಗಳ ಮುಂದೆ ನಿಂತು ಆಮೋಸರಾಗಲು ಆತುರಪಡುತ್ತೇವೆ. ಆಮೋಸ ಟೀಕಿಸಿದ್ದು ತನ್ನದೇ ದೇವರ ಹೆಸರಿನಲ್ಲಿ ನಡೆಯುತ್ತಿದ್ದ ಆರಾಧನೆಯನ್ನು ಎಂಬುದು ಆಗ ಮರೆತುಹೋಗುತ್ತದೆ.

ಹಲಸಿಯ ಶಾಸನಗಳಿಗೆ ಸಾಹಿತ್ಯಪ್ರಕಾರದ ದೃಷ್ಟಿಯಿಂದ ಹೆಚ್ಚು ಹತ್ತಿರವಾದದ್ದು ಬೇತೇಲಿನ ಕಥೆಗಿಂತ ಎಜ್ರನ ಗ್ರಂಥದ ಆರನೆಯ ಅಧ್ಯಾಯ. ಅಲ್ಲಿ ಪರ್ಷಿಯದ ಚಕ್ರವರ್ತಿ ದಾರ್ಯಾವೆಷ ಜೆರುಸಲೇಮಿನ ದೇವಾಲಯಕ್ಕೆ ರಾಜಾದಾಯದಿಂದ ವೆಚ್ಚ ಕೊಡಿಸುತ್ತಾನೆ. ಬಲಿಪಶು, ಗೋದಿ, ಉಪ್ಪು, ದ್ರಾಕ್ಷಾರಸ, ಎಣ್ಣೆ ಇವುಗಳ ಪಟ್ಟಿಯಿದೆ. ಅರಸನಿಗೂ ಅವನ ಮಕ್ಕಳಿಗೂ ಪ್ರಾರ್ಥನೆ ಸಲ್ಲಬೇಕೆಂಬ ಅಪೇಕ್ಷೆಯಿದೆ. ಕೊನೆಗೆ, ಈ ಆಜ್ಞೆಯನ್ನು ಬದಲಿಸಲು ಕೈಹಾಕುವ ಯಾವ ಅರಸನನ್ನೇ ಆಗಲಿ ದೇವರು ಕೆಡವಲಿ ಎಂಬ ಶಾಪವಿದೆ. ಕೊಡುವವನು, ಕೊಡುಗೆ, ವಿನಿಯೋಗ, ಫಲಾಪೇಕ್ಷೆ, ಶಾಪ: ಇದೇ ಕ್ರಮವನ್ನು ನಮ್ಮ ದಾನಶಾಸನಗಳಲ್ಲಿಯೂ ಕಾಣುತ್ತೇವೆ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ದತ್ತವಾದ ನೆಲವನ್ನು ಕಸಿದವನು ಅರವತ್ತು ಸಾವಿರ ವರ್ಷ ನರಕದಲ್ಲಿ ಬೇಯುತ್ತಾನೆಂಬ ಶಾಪಾಶಯವನ್ನು ಬಲ್ಲದ ಶಾಸನಾಭ್ಯಾಸಿ ಇಲ್ಲ. 'ತಾನು ಕೊಟ್ಟದ್ದಾಗಲಿ' ಎಂಬ ಮಾತನ್ನು ಗಮನಿಸಬೇಕು. ಶಾಪ ಬರೆಸಿದ ಅರಸನೂ ಆ ಶಾಪದ ಒಳಗೇ ಇದ್ದಾನೆ. ಕೊಟ್ಟ ಗಳಿಗೆಯಿಂದ ನೆಲ ಅವನದಲ್ಲ. ನಾಬೋತನ ದ್ರಾಕ್ಷಿತೋಟದ ಮೇಲೆ ಕಣ್ಣಿಟ್ಟ ಅಹಾಬನಿಗೆ ಎಲೀಯನು ಎದುರು ನಿಂತು ಹೇಳಬೇಕಾದದ್ದನ್ನು, ಇಲ್ಲಿ ಅರಸನು ತನ್ನ ವಂಶಕ್ಕೆ ತಾನೇ ತಾಮ್ರದಲ್ಲಿ ಕೊರೆಸಿಟ್ಟಿದ್ದಾನೆ.

ಮೂರನೆಯ ಹೆಜ್ಜೆ ರವಿವರ್ಮನ ಕಟ್ಟಳೆಯ ಕೊನೆಯಲ್ಲಿದೆ. ಜಿನೇಂದ್ರನ ಪೂಜೆಯನ್ನು ನಿರಂತರವಾಗಿ ನಡೆಸಬೇಕಾದವರು ನಾಡಿನ ಹಾಗೂ ನಗರದ ಧರ್ಮಶೀಲ ಜನ ಎಂದು ಅದು ಹೇಳುತ್ತದೆ. ಪೂಜೆ ನಡೆಯುವ ನಾಡಿಗೆ ಏಳಿಗೆ, ನಗರಕ್ಕೆ ನಿರ್ಭಯ, ಒಡೆಯರಿಗೆ ಬಲ ಎಂಬ ಆಶಯವೂ ಅಲ್ಲಿದೆ. ಅರಸನ ಬಲವನ್ನು ಇಲ್ಲಿ ಜನರ ಆರಾಧನೆಯ ಮೇಲೆ ನಿಲ್ಲಿಸಲಾಗಿದೆ. ವಾಕ್ಯದ ಕರ್ತೃಸ್ಥಾನ ಅರಸನಿಂದ ಜನಕ್ಕೆ ಜಾರಿದ ಈ ಸೂಕ್ಷ್ಮ ರಾಜವಂಶದ ಚರಿತ್ರೆ ಬರೆಯುವವರ ಕಣ್ಣಿಗೆ ಬೀಳುವುದು ಕಷ್ಟ.

ಇತಿಹಾಸವೂ ಆ ವಾಕ್ಯವನ್ನೇ ಸಮರ್ಥಿಸಿತು. ಅರಸರು ಪೋಷಿಸಿದ ಯಾಪನೀಯ ಸಂಘ ಕಾಲಾಂತರದಲ್ಲಿ ಇಲ್ಲವಾಯಿತು. ಹರಿವರ್ಮನಿಂದ ವಸುಂತವಾಟಕವೆಂಬ ಊರನ್ನು ಪಡೆದ ಕೂರ್ಚಕರು ಇಂದು ಶಾಸನದೊಳಗಿನ ಹೆಸರು ಮಾತ್ರ. 1169ರಲ್ಲಿ ಗೋವಾ ಕದಂಬರ ಪೆರ್ಮಾಡಿ, ಶಿವಚಿತ್ತನೆಂಬ ಬಿರುದಿನವನು, ಇದೇ ಹಲಸಿಯಲ್ಲಿ ವಿಷ್ಣುವಿನ ನರಸಿಂಹ ರೂಪವನ್ನು ಪ್ರತಿಷ್ಠಿಸಿದ. 1204ರ ಹೊತ್ತಿಗೆ, ವೇಣುಗ್ರಾಮವೆಂದು ಹೆಸರಾಗಿದ್ದ ಬೆಳಗಾವಿಯಲ್ಲಿ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಣ ಬಸದಿ ಕಟ್ಟಿಸಿದಾಗ ಅದಕ್ಕೆ ರಟ್ಟ ಜಿನಾಲಯವೆಂದೇ ಹೆಸರಾಯಿತು. ಅರಸುಕುಲದ ಹೆಸರು ದೇವರ ಮನೆಯ ಹೆಸರಾಯಿತು. ರಟ್ಟರು ಅಳಿದರು. ಕೋಟೆಯೊಳಗಿನ ಕಮಲ ಬಸದಿಯಲ್ಲಿ ನೇಮಿನಾಥನ ಬಿಂಬ ಉಳಿದಿದೆ. ಜನ ಅದನ್ನು ಅರಸನ ಹೆಸರಿನಿಂದ ಕರೆಯದೆ, ಒಳಗಿನ ಕಲ್ಲಿನ ಕಮಲದ ಹೆಸರಿನಿಂದ ಕರೆಯುತ್ತಾರೆ.

ಇಷ್ಟನ್ನು ಓದಿದ ಮೇಲೆ ನಮ್ಮ ಮನೆಯ ಕಡತವನ್ನು ಬಿಚ್ಚದಿರಲಾಗದು. 1953ರಲ್ಲಿ ಬೆಳಗಾವಿ ಧರ್ಮಕ್ಷೇತ್ರ ಸ್ಥಾಪನೆಯಾಗುವ ಮುನ್ನ ಈ ಸೀಮೆಯ ಕಥೋಲಿಕ ಜೀವನ ಗೋವಾದೊಂದಿಗೆ ಬೆಸೆದಿತ್ತು. ಆ ಗೋವಾದಲ್ಲಿ ಪೋರ್ಚುಗಲ್ಲಿನ ದೊರೆಗೆ ಧರ್ಮಸಭೆಯ ಪೋಷಕತ್ವ ಸೇರಿತ್ತು; ಧರ್ಮಾಧ್ಯಕ್ಷರ ನಾಮನಿರ್ದೇಶನದಿಂದ ದೇವಾಲಯಗಳ ವೆಚ್ಚದವರೆಗೆ ಅವನ ಮಾತು ನಡೆಯುತ್ತಿತ್ತು. 1540ರ ಸುಮಾರಿಗೆ ತಿಸ್ವಾಡಿ ದ್ವೀಪದ ಹಿಂದೂ ದೇವಾಲಯಗಳನ್ನು ಕೆಡವಲಾಯಿತು. 1541ರಲ್ಲಿ ಆ ದೇವಾಲಯಗಳ ಭೂಮಿಯ ಉತ್ಪನ್ನವನ್ನು ಕ್ರೈಸ್ತ ಸಂಸ್ಥೆಗಳಿಗೆ ತಿರುಗಿಸಲಾಯಿತು. ಅದೇ ವರ್ಷ ಆರಂಭವಾಗಿ ಮುಂದೆ ಸಂತ ಪೌಲರ ಕಾಲೇಜೆಂದು ಹೆಸರಾದ ಗುರುಮಠಕ್ಕೂ ಅದರ ಪಾಲು ಸಂದಿತು. ಭಾರತದಲ್ಲಿ ಗುರು ಅಭ್ಯರ್ಥಿಗಳ ತರಬೇತಿಯ ಆರಂಭಿಕ ಅಧ್ಯಾಯಗಳಲ್ಲೊಂದು ಹೀಗೆ, ಬೇರೊಬ್ಬರ ದೇವರಿಗೆ ದತ್ತವಾದ ನೆಲದ ಅನ್ನವನ್ನು ಉಂಡಿತು. ದತ್ತಭೂಮಿಯನ್ನು ಕಸಿದವನಿಗೆ ಶಾಸನಗಳು ಹೇಳುವ ಶಾಪ ಯಾವ ಮತದ ಹೆಸರನ್ನೂ ಎತ್ತುವುದಿಲ್ಲ. ಅದನ್ನು ನಮಗೆ ಹೇಳಿದ್ದಲ್ಲವೆಂದು ಪಕ್ಕಕ್ಕಿಡುವ ಹಕ್ಕು ನಮಗಿಲ್ಲ.

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ, ಆಧುನಿಕ ಜಗತ್ತಿನಲ್ಲಿ ಧರ್ಮಸಭೆ ಎಂಬ ಸಂವಿಧಾನದ 76ನೆಯ ಪರಿಚ್ಛೇದದಲ್ಲಿ, ಧರ್ಮಸಭೆ ಆಳುವವರು ನೀಡುವ ಸವಲತ್ತುಗಳ ಮೇಲೆ ಭರವಸೆ ಇಡುವುದಿಲ್ಲವೆಂದು ಹೇಳಿತು. ನ್ಯಾಯವಾಗಿ ದೊರೆತ ಹಕ್ಕುಗಳು ಕೂಡ ತನ್ನ ಸಾಕ್ಷ್ಯದ ಪ್ರಾಮಾಣಿಕತೆಗೆ ಅಡ್ಡಿಯಾದರೆ ಅವನ್ನು ಬಿಟ್ಟುಕೊಡಲು ಸಿದ್ಧವೆಂದಿತು. ಈ ಬೋಧನೆಯನ್ನು ನಾವು ತರಗತಿಯಲ್ಲಿ ಸಿದ್ಧಾಂತವಾಗಿ ಕಲಿಸುತ್ತೇವೆ. ಹಲಸಿಯ ಶಾಸನಗಳು ಅದಕ್ಕೊಂದು ನೆಲವನ್ನು ಒದಗಿಸುತ್ತವೆ. ಆಶ್ರಯ ಪಡೆದದ್ದೇ ಪಾಪವೆಂದು ಅವು ಹೇಳುವುದಿಲ್ಲ. ಎಜ್ರನ ಗ್ರಂಥವೂ ಹಾಗೆ ಹೇಳದು. ಪಡೆದದ್ದು ಯಾರಿಂದ ಬಂತು, ಅದಕ್ಕಿಂತ ಮೊದಲು ಯಾರದಾಗಿತ್ತು, ಇಂದು ಅದರಿಂದ ಉಣ್ಣುತ್ತಿರುವವರು ಯಾರು ಎಂದು ಬರೆದಿಡಿ ಎನ್ನುತ್ತವೆ.

ಗಡಿಯ ತಕರಾರಿನ ಈ ಸೀಮೆಯಲ್ಲಿ ಪ್ರತಿಯೊಂದು ಹಳೆಯ ಕಲ್ಲನ್ನೂ ಸಾಕ್ಷಿಕಟ್ಟೆಗೆ ಎಳೆಯಲಾಗುತ್ತದೆ. ಕನ್ನಡ, ಕೊಂಕಣಿ, ಮರಾಠಿಗಳಲ್ಲಿ ಬಲಿಪೂಜೆ ಅರ್ಪಿಸುವ ಗುರುಗಳು ಅಂಥ ವ್ಯಾಜ್ಯಕ್ಕೆ ಇನ್ನೊಂದು ದಾಖಲೆಯಾಗಿ ಹಲಸಿಯನ್ನು ಓದಬೇಕಾಗಿಲ್ಲ. ಬೆಳಗಾವಿಯ ಸುತ್ತಮುತ್ತ ಸೇವೆಗೆ ಬರುವ ಕಿರಿಯ ಗುರುಗಳಿಗೆ ನಮ್ಮ ಸೂಚನೆ ಸರಳವಾದದ್ದು. ಫ್ಲೀಟರ ಪಾಠವನ್ನು ಎದುರಿಗಿಟ್ಟುಕೊಂಡು ಈ ಏಳು ಶಾಸನಗಳನ್ನು ಒಮ್ಮೆ ಆದ್ಯಂತ ಓದಿರಿ. ಬಳಿಕ ನಿಮ್ಮ ಧರ್ಮಕೇಂದ್ರದ ಪೆಟ್ಟಿಗೆಯಲ್ಲಿರುವ ಜಮೀನಿನ ಕಾಗದಗಳನ್ನು ತೆಗೆದು, ಖೇಟಗ್ರಾಮದ ನೆಲಕ್ಕೆ ಕೇಳಿದ ಅದೇ ಪ್ರಶ್ನೆಗಳನ್ನು ಅವಕ್ಕೂ ಕೇಳಿರಿ.